ಗೇರು ಸಿಪ್ಪೆಯೂ ಹಸುರು ರಸಾಯನವೂ

ಚೈತ್ರದ ಬಿಸಿಲು ಏರತೊಡಗಿದೊಡನೆ ಕಾಸರಗೋಡಿನ ಗುಡ್ಡೆಗಳಲ್ಲೆಲ್ಲ ಗೇರುಹಣ್ಣಿನ ಪರಿಮಳವು ತುಂಬಿಕೊಳ್ಳುತ್ತದೆ. ಹಸಿಯ ಬೀಜವನ್ನು ಹಲ್ಲಿನಿಂದ ಕಚ್ಚಿ ತುಟಿ ಸುಟ್ಟುಕೊಂಡ ಅನುಭವವು ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ಬೀಜವನ್ನು ಕೆಂಡದಲ್ಲಿ ಹಾಕಿದರೆ ಸಿಪ್ಪೆಯಿಂದ ಎಣ್ಣೆ ಚಿಮ್ಮಿ ಭುಗಿಲೆಂದು ಉರಿಯುವುದನ್ನೂ ನಾವು ಕಂಡಿದ್ದೇವೆ. ತಿರುಳನ್ನು ತಿಂದು ಸಿಪ್ಪೆಯನ್ನು ಎಸೆಯುವುದು ನಮ್ಮ ವಾಡಿಕೆ. ರಸಾಯನಶಾಸ್ತ್ರಜ್ಞನ ದೃಷ್ಟಿಗಾದರೋ ಎಸೆದ ಆ ಸಿಪ್ಪೆಯೇ ಒಂದು ಭಂಡಾರ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಾವು ದಿನನಿತ್ಯ ಬಳಸುವ ಬಣ್ಣ, ಅಂಟು, ಪ್ಲಾಸ್ಟಿಕ್, ಬಟ್ಟೆ ಒಗೆಯುವ ಪುಡಿ ಮುಂತಾದವುಗಳ ಪೈಕಿ ಹೆಚ್ಚಿನವು ಕಲ್ಲೆಣ್ಣೆಯಿಂದ, ಎಂದರೆ ಪೆಟ್ರೋಲಿಯಮ್ಮಿನಿಂದ ಹುಟ್ಟಿದವು. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳ ಅವಶೇಷವು ಭೂಗರ್ಭದಲ್ಲಿ ಮಾರ್ಪಟ್ಟು ಕಲ್ಲೆಣ್ಣೆಯಾಗಿದೆ. ಮನುಷ್ಯನು ಅದನ್ನು ಬರಿದುಮಾಡುವ ವೇಗದಲ್ಲಿ ಪ್ರಕೃತಿಯು ಮರಳಿ ತುಂಬಲಾರದು. ಅಲ್ಲದೆ ಅದನ್ನು ಉರಿಸಿದಾಗ, ನೆಲದೊಳಗೆ ಅಡಗಿದ್ದ ಇಂಗಾಲವು ಗಾಳಿಯನ್ನು ಸೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಗಿಡಮರಗಳಾದರೋ ಗಾಳಿಯಲ್ಲಿರುವ ಇಂಗಾಲವನ್ನೇ ಹೀರಿ, ಸೂರ್ಯನ ಬೆಳಕಿನ ನೆರವಿನಿಂದ ಪ್ರತಿವರ್ಷವೂ ಹೊಸ ಫಸಲನ್ನು ಕೊಡುತ್ತವೆ. ಆದುದರಿಂದ ಕಲ್ಲೆಣ್ಣೆಯ ಸ್ಥಾನದಲ್ಲಿ ಸಸ್ಯಮೂಲದ ದ್ರವ್ಯಗಳನ್ನು ಉಪಯೋಗಿಸುವ ಪ್ರಯತ್ನವು ಲೋಕದಲ್ಲೆಲ್ಲ ನಡೆಯುತ್ತಿದೆ. 1998ರಲ್ಲಿ ಅಮೆರಿಕದ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಎಂಬ ವಿಜ್ಞಾನಿಗಳು ‘ಹಸುರು ರಸಾಯನ’ಕ್ಕೆ 12 ಸೂತ್ರಗಳನ್ನು ರಚಿಸಿದರು. ಅವುಗಳಲ್ಲಿ ಮೊದಲನೆಯದು, ಕಸವು ಹುಟ್ಟದಂತೆ ನೋಡಿಕೊಳ್ಳಬೇಕೆಂಬುದು. ಏಳನೆಯದು, ಮರಳಿ ಬೆಳೆಯಬಲ್ಲ ಮೂಲದ್ರವ್ಯವನ್ನೇ ಬಳಸಬೇಕೆಂಬುದು.

ಈ ಎರಡು ಸೂತ್ರಗಳಿಗೂ ಗೇರು ಸಿಪ್ಪೆಯು ಒಳ್ಳೆಯ ಉದಾಹರಣೆ. ಗೇರು ನಮ್ಮ ದೇಶದ ಮೂಲವೃಕ್ಷವಲ್ಲ. ಅದನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್ ದೇಶದಿಂದ ತಂದರು. ಮಲಯಾಳದಲ್ಲಿ ಅದಕ್ಕೆ ‘ಪರಂಗಿ ಮಾವು’ ಎಂಬ ಹೆಸರಿರುವುದು ಇದಕ್ಕೆ ಸಾಕ್ಷಿ. ಸಸ್ಯಶಾಸ್ತ್ರದ ಪ್ರಕಾರ ಅದು ಮಾವಿನ ಬಂಧುವೇ ಸರಿ. ಬೀಜದ ತೂಕದಲ್ಲಿ ತಿರುಳು ಸುಮಾರು ಕಾಲುಭಾಗ ಮಾತ್ರ. ಉಳಿದುದರಲ್ಲಿ ಬಹುಪಾಲು ಸಿಪ್ಪೆ. ಆ ಸಿಪ್ಪೆಯ ನಡುವೆ ಜೇನುಗೂಡಿನಂತಹ ಕೋಶಗಳಿದ್ದು, ಅವುಗಳಲ್ಲಿ ಕಂದುಬಣ್ಣದ ದಪ್ಪ ಎಣ್ಣೆ ತುಂಬಿರುತ್ತದೆ. ನಮ್ಮ ತುಟಿಯನ್ನು ಸುಡುವುದು ಇದೇ ಎಣ್ಣೆ. ಕೀಟಗಳಿಂದ ತಿರುಳನ್ನು ಕಾಪಾಡಲು ಮರವು ಮಾಡಿಕೊಂಡಿರುವ ಏರ್ಪಾಡು ಇದು. ಕರಾವಳಿಯ ಹಿರಿಯರು ದೋಣಿಗೂ ಮರಮಟ್ಟಿಗೂ ನೀರು ಹಿಡಿಯದಂತೆ, ಗೆದ್ದಲು ಹತ್ತದಂತೆ ಈ ಎಣ್ಣೆಯನ್ನು ಬಳಿಯುತ್ತಿದ್ದರು.

ಇಂದಿನ ಅನೇಕ ಕಾರ್ಖಾನೆಗಳಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ, ಸೀಳಿ, ಸಿಪ್ಪೆಯನ್ನು ಗಾಣದಂತಹ ಯಂತ್ರದಲ್ಲಿ ಹಿಂಡಿ ಎಣ್ಣೆ ತೆಗೆಯುತ್ತಾರೆ. ಅದರಲ್ಲಿ ಹೆಚ್ಚಿನ ಅಂಶ ಅನಕಾರ್ಡಿಕ್ ಆಮ್ಲ. ಎಣ್ಣೆಯನ್ನು ಚೆನ್ನಾಗಿ ಕಾಯಿಸಿದರೆ ಈ ಆಮ್ಲವು ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಎಂಬ ವಸ್ತುವಾಗುತ್ತದೆ. ಕಾರ್ಡನಾಲ್ ಅಣುವಿಗೆ ಒಂದು ತಲೆ, ಒಂದು ಬಾಲ ಇವೆಯೆಂದು ಭಾವಿಸಿರಿ. ತಲೆಯು ಆರು ಇಂಗಾಲ ಪರಮಾಣುಗಳ ಉಂಗುರ. ಕಲ್ಲೆಣ್ಣೆಯಿಂದ ತಯಾರಿಸುವ ಫೀನಾಲಿನಲ್ಲಿ ಇರುವುದೂ ಇಂತಹ ಉಂಗುರವೇ. ಬಾಲವು 15 ಇಂಗಾಲ ಪರಮಾಣುಗಳ ಉದ್ದನೆಯ ಸರಪಳಿ. ತಲೆಯು ಗಟ್ಟಿತನವನ್ನು ಕೊಟ್ಟರೆ, ಬಾಲವು ಬಾಗುವ ಗುಣವನ್ನೂ ನೀರನ್ನು ದೂರವಿಡುವ ಶಕ್ತಿಯನ್ನೂ ಕೊಡುತ್ತದೆ.

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬವರು ಫೀನಾಲಿಗೆ ಫಾರ್ಮಾಲ್ಡಿಹೈಡನ್ನು ಕೂಡಿಸಿ ಬೇಕಲೈಟ್ ಎಂಬ ಗಟ್ಟಿಯಾದ ರಾಳವನ್ನು ಮಾಡಿದರು. ಹಳೆಯ ಮನೆಗಳ ಕಪ್ಪು ವಿದ್ಯುತ್ ಸ್ವಿಚ್ಚುಗಳು ಇದರವೇ. ಅದೇ ಕ್ರಮದಲ್ಲಿ ಕಾರ್ಡನಾಲಿನಿಂದಲೂ ರಾಳವನ್ನು ಮಾಡಬಹುದು. ಆ ರಾಳವನ್ನು ಪುಡಿಮಾಡಿ ವಾಹನಗಳ ಬ್ರೇಕಿನ ಪಟ್ಟಿಗಳಲ್ಲಿ ಸೇರಿಸುತ್ತಾರೆ. ಹಾಗೆಯೇ ಹಡಗುಗಳಿಗೆ ಬಳಿಯುವ ಒಂದು ಬಗೆಯ ಬಣ್ಣವನ್ನು ಚಳಿಯಲ್ಲಿಯೂ ತೇವದಲ್ಲಿಯೂ ಬೇಗನೆ ಗಟ್ಟಿಯಾಗಿಸುವ ದ್ರವ್ಯವೂ ಕಾರ್ಡನಾಲಿನಿಂದಲೇ ತಯಾರಾಗುತ್ತದೆ. ನಮ್ಮ ಅಜ್ಜಂದಿರು ದೋಣಿಗೆ ಬಳಿದ ಎಣ್ಣೆಯು ಈಗ ರೂಪಾಂತರಗೊಂಡು ಹಡಗಿಗೆ ಏರಿದೆಯೆಂದರೆ ತಪ್ಪಲ್ಲ. ಎಣ್ಣೆ ತೆಗೆದುಳಿದ ಹಿಂಡಿಯು ಕಾರ್ಖಾನೆಯ ಒಲೆಗೆ ಸೌದೆಯಾಗುತ್ತದೆ. ಸಿಪ್ಪೆಯು ಯಾರ ಆಹಾರವೂ ಅಲ್ಲವಾದುದರಿಂದ, ಇದನ್ನು ಬಳಸಿದರೆ ಯಾರ ಅನ್ನವನ್ನೂ ಕಸಿದಂತಾಗುವುದಿಲ್ಲವೆಂಬುದು ಇನ್ನೊಂದು ವಿಶೇಷ.

ಇಷ್ಟರಿಂದಲೇ ಗಿಡದಿಂದ ಬಂದುದೆಲ್ಲವೂ ನಿರ್ದೋಷವೆಂದು ತಿಳಿಯಬಾರದು. ರಾಳಕ್ಕೆ ಬೇಕಾದ ಫಾರ್ಮಾಲ್ಡಿಹೈಡ್ ಇಂದಿಗೂ ಬಹುಮಟ್ಟಿಗೆ ನೆಲದೊಳಗಿನ ಅನಿಲದಿಂದಲೇ ಬರುತ್ತದೆ. ಬೀಜ ಸೀಳುವ ಕೆಲಸದಲ್ಲಿರುವ ತಾಯಂದಿರ ಬೆರಳುಗಳನ್ನು ಇದೇ ಎಣ್ಣೆ ಸುಡುತ್ತದೆ. ಕೈಗವುಸು ಕೊಡದ ಕಾರ್ಖಾನೆಯ ಸರಕನ್ನು ‘ಹಸುರು’ ಎನ್ನುವುದು ಹೇಗೆ?

ಇದಕ್ಕಿಂತಲೂ ಘೋರವಾದ ಪಾಠವನ್ನು ನಮ್ಮ ಜಿಲ್ಲೆಯೇ ಕಲಿತಿದೆ. ಗೇರಿನ ಚಿಗುರನ್ನೂ ಹೂವನ್ನೂ ಕೆಡಿಸುವ ‘ಚಹಾ ಸೊಳ್ಳೆ’ ಎಂಬ ಕೀಟವನ್ನು ಕೊಲ್ಲುವುದಕ್ಕಾಗಿ, 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಇಲ್ಲಿಯ ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಎರಚಲಾಯಿತು. ಗುಡ್ಡದ ಮೇಲೆ ಬಿದ್ದ ವಿಷವು ಕೆಳಗಿನ ತೋಡು, ಕೆರೆ, ಸುರಂಗಗಳ ನೀರಿನ ಕಡೆಗೆ ಹರಿಯಿತು. ಎಣ್ಮಕಜೆಯ ಪಡ್ರೆಯೇ ಮೊದಲಾದ ಊರುಗಳಲ್ಲಿ ಅಂಗವೈಕಲ್ಯದಿಂದಲೂ ಬುದ್ಧಿಮಾಂದ್ಯದಿಂದಲೂ ನರಳುವ ಮಕ್ಕಳ ಚಿತ್ರವನ್ನು ದೇಶವೆಲ್ಲ ಕಂಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಮರವು ಹಸುರಾಗಿಯೇ ಇತ್ತು. ಅದನ್ನು ಬೆಳೆಸಿದ ಬಗೆ ಹಸುರಾಗಿರಲಿಲ್ಲ. ಒಂದು ರಸದ್ರವ್ಯವು ತನ್ನ ಕೆಲಸ ಮುಗಿದ ಮೇಲೆ ಉಳಿಯದೆ, ನಿರಪಾಯವಾಗಿ ಕರಗಿಹೋಗಬೇಕೆಂದು ಹಸುರು ರಸಾಯನದ ಹತ್ತನೆಯ ಸೂತ್ರವು ಹೇಳುವುದರ ಅರ್ಥವನ್ನು ನಮ್ಮವರಿಗೆ ಬೇರೆ ವಿವರಿಸಬೇಕಾಗಿಲ್ಲ.

ಆದುದರಿಂದ, ಯಾವುದೇ ವಸ್ತುವು ಸಸ್ಯಜನ್ಯವೆಂದು ಕೇಳಿದೊಡನೆ ಮೂರು ಪ್ರಶ್ನೆಗಳನ್ನು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳಲಿ: ಅದನ್ನು ಬೆಳೆದ ನೆಲ ಹೇಗಿದೆ? ಅದನ್ನು ತಯಾರಿಸಿದ ಕೈ ಹೇಗಿದೆ? ಬಳಸಿ ಬಿಸುಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ಒಳ್ಳೆಯ ಉತ್ತರ ದೊರೆತಾಗ ಮಾತ್ರ ಆ ವಸ್ತುವು ‘ಹಸುರು’ ಎಂಬ ಹೆಸರಿಗೆ ಅರ್ಹ. ಮುಂದಿನ ಬೇಸಿಗೆಯಲ್ಲಿ ಗೇರುಬೀಜ ಸುಟ್ಟು ತಿನ್ನುವಾಗ, ಮಕ್ಕಳು ಸಿಪ್ಪೆಯನ್ನು ಎಸೆಯುವ ಮುನ್ನ ಒಮ್ಮೆ ನೋಡಲಿ; ಪಕ್ಕದಲ್ಲಿ ಕುಳಿತ ಹಿರಿಯರು ಈ ಗುಡ್ಡೆಗಳ ಕಥೆಯನ್ನು ಅವರಿಗೆ ಹೇಳಲಿ. ಆ ಸಿಪ್ಪೆಯಿಂದ ಲೋಕಕ್ಕೆ ಉಪಕಾರವಾಗುವಂತೆ, ನೆರೆಮನೆಗೆ ಅಪಕಾರವಾಗದಂತೆ ನಡೆಯಬಲ್ಲ ರಸಾಯನಶಾಸ್ತ್ರಜ್ಞನೋ ಕೃಷಿಕನೋ ನಮ್ಮ ಶಾಲೆಯಿಂದ ಹೊರಬಂದರೆ ಅದಕ್ಕಿಂತ ಹೆಚ್ಚಿನ ಸಂತೋಷ ನಮಗಿಲ್ಲ.