ಉಳಿದ ದುಡ್ಡು ಕೊಟ್ಟವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಏಳನೇ ತರಗತಿಯ ಮೊಮ್ಮಗಳಿಗೆ ಪುಸ್ತಕ ಇಡಲು ಒಂದು ಕಪಾಟು ಬೇಕಿತ್ತು. ಎಲ್ಲರೂ ಮೆಟ್ರೋ ಹತ್ತಿ ನಾಗಸಂದ್ರದಲ್ಲಿ ಇಳಿದೆವು. ನಿಲ್ದಾಣದ ಪಕ್ಕದಲ್ಲೇ ದೊಡ್ಡ ನೀಲಿ ಕಟ್ಟಡ, ಅದರ ಮೇಲೆ ಹಳದಿ ಬಣ್ಣದಲ್ಲಿ ಹೆಸರು: ಐಕಿಯಾ. ಒಳಗೆ ಮಂಚ, ಮೇಜು, ಪರದೆ, ದೀಪ, ತಟ್ಟೆ, ಲೋಟ ಎಲ್ಲವನ್ನೂ ನಿಜವಾದ ಮನೆಯಂತೆ ಜೋಡಿಸಿಟ್ಟಿದ್ದರು. ಆದರೆ ನಾವು ಕೊಂಡ ಕಪಾಟು ಕೈಗೆ ಬಂದದ್ದು ಚಪ್ಪಟೆಯಾದ ರಟ್ಟಿನ ಪೆಟ್ಟಿಗೆಯ ರೂಪದಲ್ಲಿ!

ಸಂಜೆ ನಾನು ಮತ್ತು ಮೊಮ್ಮಗಳು ನೆಲದ ಮೇಲೆ ಕೂತು, ಚಿತ್ರದ ಹಾಳೆ ನೋಡಿಕೊಂಡು ಹಲಗೆ ಜೋಡಿಸಿದೆವು. ಒಂದು ಹಲಗೆ ತಲೆಕೆಳಗಾಗಿ ಕೂತು, ಮತ್ತೆ ಬಿಚ್ಚಬೇಕಾಯಿತು. ಆಗ ಅವಳಿಗೆ ನನ್ನ ಮದುವೆಯ ಹೊಸತರ ಕತೆ ಹೇಳಿದೆ. ನಮ್ಮೂರಿನ ಆಚಾರ್ರು ನಮ್ಮ ಜಗುಲಿಯಲ್ಲೇ ಕೂತು, ಎಂಟು ದಿನ ಉಳಿ ಬಾಚಿ ಹಿಡಿದು ಒಂದು ಕಪಾಟು ಮಾಡಿಕೊಟ್ಟಿದ್ದರು. ಅದಕ್ಕೆ ನನ್ನ ಒಂದು ತಿಂಗಳ ಸಂಬಳವೇ ಹೋಗಿತ್ತು.

"ಇದಕ್ಕೆ ಅಪ್ಪನ ಒಂದು ತಿಂಗಳ ಸಂಬಳ ಬೇಕಾಗಲಿಲ್ಲವಲ್ಲ ತಾತ? ಹಾಗಾದರೆ ಉಳಿದ ದುಡ್ಡು ಯಾರು ಕೊಟ್ಟರು?" ಎಂದಳು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಲೆಡ್ಜರ್ ಬರೆದವನು ನಾನು. ಜಮಾ ಇದ್ದಲ್ಲಿ ಖರ್ಚು ಇರಲೇಬೇಕು ಎಂದು ಕಲಿತವನು. ಮೊಮ್ಮಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಅಂಗಡಿಯ ಚರಿತ್ರೆಯನ್ನು ಹುಡುಕಿ ಓದಿದೆ. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಬೆಂಕಿಪೊಟ್ಟಣದ ಹುಡುಗ

ಸ್ವೀಡನ್ ದೇಶದ ದಕ್ಷಿಣದಲ್ಲಿ ಸ್ಮೋಲಾಂಡ್ ಎಂಬ ಸೀಮೆಯಿದೆ. ಅಲ್ಲಿ ಎಲ್ಲಿ ಅಗೆದರೂ ಕಲ್ಲು. ಹೊಲದಿಂದ ಆಯ್ದ ಕಲ್ಲುಗಳನ್ನೇ ಬೇಲಿಯಾಗಿ ಪೇರಿಸಿ ಬದುಕಿದ ರೈತರು ಅವರು. ಒಂದು ಮೊಳೆಯನ್ನೂ ಎಸೆಯದ ಜನ. ಅಲ್ಲಿನ ಒಂದು ರೈತ ಕುಟುಂಬದಲ್ಲಿ 1926ರಲ್ಲಿ ಇಂಗ್ವಾರ್ ಕಾಂಪ್ರಾಡ್ ಹುಟ್ಟಿದ.

ಐದು ವರ್ಷದ ಹುಡುಗನಿದ್ದಾಗಲೇ ಅವನ ವ್ಯಾಪಾರ ಶುರುವಾಯಿತು. ಅವನ ಅತ್ತೆ ಸ್ಟಾಕ್‌ಹೋಮ್ ನಗರದಿಂದ ನೂರು ಬೆಂಕಿಪೊಟ್ಟಣ ತರಿಸಿಕೊಟ್ಟರು. ನೂರಕ್ಕೆ 88 ಓರೆ. (ನಮಗೆ ಪೈಸೆ ಇದ್ದಂತೆ ಅವರಿಗೆ ಓರೆ.) ಹುಡುಗ ಅವನ್ನು ನೆರೆಹೊರೆಯವರಿಗೆ ಒಂದೊಂದಾಗಿ, ಎರಡು ಮೂರು ಓರೆಗೆ ಮಾರಿದ. ಮಕ್ಕಳೇ, ಲೆಕ್ಕ ಹಾಕಿ ನೋಡಿ. ಎಲ್ಲವನ್ನೂ ಎರಡು ಓರೆಗೇ ಮಾರಿದರೂ 200 ಓರೆ ಬರುತ್ತದೆ. ಲಾಭ ಎಷ್ಟಾಯಿತು? ಒಟ್ಟಿಗೆ ಕೊಂಡರೆ ಅಗ್ಗ, ಬಿಡಿಯಾಗಿ ಮಾರಿದರೆ ಲಾಭ. ಈ ಪಾಠವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಸೈಕಲ್ ಮೇಲೆ ಹೋಗಿ ಮೀನು, ಬೀಜ, ಪೆನ್ನುಗಳನ್ನೂ ಮಾರಿದ.

1943ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಚೆನ್ನಾಗಿ ಓದಿದ್ದಕ್ಕೆ ಅಪ್ಪ ಕೊಟ್ಟ ಹಣದಿಂದ ಒಂದು ಕಂಪನಿ ತೆರೆದ. ತನ್ನ ಹೆಸರಿನ ಎರಡು ಮೊದಲಕ್ಷರ, ತಮ್ಮ ಹೊಲಮನೆ ಎಲ್ಮ್‌ತರ್ಯೂಡ್‌ನ ಒಂದು ಅಕ್ಷರ, ಹಳ್ಳಿ ಅಗುನ್ನರ್ಯೂಡ್‌ನ ಒಂದು ಅಕ್ಷರ ಸೇರಿಸಿ ಅದಕ್ಕೆ ಹೆಸರಿಟ್ಟ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಸೇರಿಸಿ ಇನಿಷಿಯಲ್ ಹಾಕಿಕೊಳ್ಳುತ್ತೇವಲ್ಲ, ಹಾಗೆಯೇ.

ಮೇಜು, ಕುರ್ಚಿಗಳ ಮಾರಾಟ ಶುರುವಾದದ್ದು 1948ರಲ್ಲಿ. 1951ರಲ್ಲಿ ಮೊದಲ ಕ್ಯಾಟಲಾಗ್ ಬಂತು. ಜನ ಅದರ ಚಿತ್ರ ನೋಡಿ ಅಂಚೆಯಲ್ಲಿ ಆರ್ಡರ್ ಕಳಿಸುತ್ತಿದ್ದರು. ಆದರೆ ಅಂಚೆ ವ್ಯಾಪಾರದವರಲ್ಲಿ ಪೈಪೋಟಿ ಹೆಚ್ಚಿ, ಬೆಲೆಯ ಜೊತೆ ಗುಣಮಟ್ಟವೂ ಇಳಿಯತೊಡಗಿತು. ದೂರುಗಳು ಬಂದವು. ಚಿತ್ರ ಸಾಲದು, ಜನ ಸಾಮಾನನ್ನು ಮುಟ್ಟಿ ನೋಡಬೇಕು ಎಂದು 1953ರಲ್ಲಿ ಎಲ್ಮ್‌ಹುಲ್ಟ್ ಎಂಬ ಸಣ್ಣ ಊರಿನಲ್ಲಿ ಪ್ರದರ್ಶನ ಮಳಿಗೆ ತೆರೆದರು. ಬಂದವರಿಗೆ ಕಾಫಿ, ಬನ್ನು. ಅದೇ ಊರಿನಲ್ಲಿ 1958ರಲ್ಲಿ ಮೊದಲ ದೊಡ್ಡ ಅಂಗಡಿ ಎದ್ದಿತು.

ಗಾಳಿಗೂ ಬಾಡಿಗೆ!

ಇನ್ನು ಚಪ್ಪಟೆ ಪೆಟ್ಟಿಗೆಯ ಕತೆ. 1950ರ ದಶಕದಲ್ಲಿ ಒಂದು ಮೇಜನ್ನು ಕಾರಿನಲ್ಲಿ ಸಾಗಿಸಬೇಕಿತ್ತು. ಅದು ಒಳಗೆ ಹಿಡಿಸಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತ ಮೇಜಿನ ಕಾಲು ಬಿಚ್ಚಿ ಹಲಗೆಯ ಜೊತೆ ಮಲಗಿಸಿದ. ಎಲ್ಲ ಸಾಮಾನನ್ನೂ ಹೀಗೆಯೇ ಮಾರಿದರೆ ಹೇಗೆ ಎಂಬ ಯೋಚನೆ ಆಗ ಬಂತು.

ಬಿಚ್ಚಿ ಜೋಡಿಸುವ ಉಪಾಯವನ್ನು ಇವರೇ ಕಂಡುಹಿಡಿದರು ಎನ್ನಬೇಡಿ. ಅದಕ್ಕೂ ನೂರು ವರ್ಷ ಹಿಂದೆ, ವಿಯೆನ್ನಾದ ಥೋನೆಟ್ ಕಂಪನಿ ಬಾಗಿಸಿದ ಮರದ ಕುರ್ಚಿಗಳನ್ನು ಬಿಡಿಭಾಗಗಳಾಗಿ ಕಳಿಸುತ್ತಿತ್ತು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವಂತೆ! ಐಕಿಯಾ ಮಾಡಿದ್ದೇನೆಂದರೆ, ಜೋಡಿಸುವ ಕೆಲಸವನ್ನು ಕೊಳ್ಳುವವರ ಕೈಗೇ ಕೊಟ್ಟದ್ದು.

ಲಾರಿಯಲ್ಲಿ ಜೋಡಿಸಿದ ಮೇಜನ್ನು ಇಟ್ಟರೆ ಅದರ ನಾಲ್ಕು ಕಾಲಿನ ನಡುವೆ ಇರುವುದು ಬರೀ ಗಾಳಿ. ಆ ಗಾಳಿಗೂ ನಾವು ಲಾರಿ ಬಾಡಿಗೆ ಕೊಡುತ್ತೇವೆ, ಗೋದಾಮಿನ ಬಾಡಿಗೆ ಕೊಡುತ್ತೇವೆ. ಚಪ್ಪಟೆ ಮಾಡಿದರೆ ಆ ಖರ್ಚು ಉಳಿಯಿತು. 1965ರಲ್ಲಿ ಸ್ಟಾಕ್‌ಹೋಮ್ ಬಳಿ ತೆರೆದ ಅಂಗಡಿಗೆ 1970ರಲ್ಲಿ ಬೆಂಕಿ ಬಿತ್ತು. ಮರುವರ್ಷ ಮತ್ತೆ ತೆರೆದಾಗ, ಗಿರಾಕಿಗಳೇ ಗೋದಾಮಿಗೆ ಹೋಗಿ ತಮ್ಮ ಪೆಟ್ಟಿಗೆ ಎತ್ತಿಕೊಳ್ಳುವ ವ್ಯವಸ್ಥೆ ಬಂತು. ಎತ್ತುವ ಕೂಲಿಯೂ ಉಳಿಯಿತು.

ಮೊಮ್ಮಗಳ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಉಳಿದ ದುಡ್ಡಿನ ಒಂದು ಪಾಲು ಗಾಳಿಯಿಂದ ಬಂತು. ಇನ್ನೊಂದು ಪಾಲನ್ನು ನಾವೇ ಕೊಟ್ಟೆವು, ನಮ್ಮ ಕೈಕೆಲಸದ ರೂಪದಲ್ಲಿ. ಇದು ನ್ಯಾಯವಾದ ಲೆಕ್ಕ. ನಮಗೆ ಗೊತ್ತಿದ್ದೇ, ಒಪ್ಪಿಯೇ ಕೊಟ್ಟದ್ದು.

ಗೊತ್ತಿಲ್ಲದೆ ಕೊಟ್ಟವರು

ಆದರೆ ಲೆಡ್ಜರಿನ ಮುಂದಿನ ಪುಟ ತಿರುವಿದಾಗ ನನಗೆ ಬೇಸರವಾಯಿತು.

1950ರ ದಶಕದಲ್ಲಿ ಸ್ವೀಡನ್ನಿನ ಇತರ ವ್ಯಾಪಾರಿಗಳು ಈ ಕಡಿಮೆ ಬೆಲೆಗೆ ಸಿಟ್ಟಾಗಿ, ಐಕಿಯಾಕ್ಕೆ ಸಾಮಾನು ಕೊಡಬೇಡಿ ಎಂದು ತಯಾರಕರ ಮೇಲೆ ಒತ್ತಡ ಹಾಕಿದ್ದರು. ಕಾಂಪ್ರಾಡ್ 1961ರಲ್ಲಿ ಪೋಲೆಂಡಿಗೆ ಹೋಗಿ ಅಲ್ಲಿ ಮಾಡಿಸತೊಡಗಿದ. ಹೀಗೆ ಅಂಗಡಿ ಒಂದು ಕಡೆ, ಕಾರ್ಖಾನೆ ದೂರದ ದೇಶದಲ್ಲಿ ಎಂಬ ಪದ್ಧತಿ ಬೆಳೆಯಿತು. ದೂರದಲ್ಲಿ ಏನು ನಡೆಯುತ್ತದೆ ಎಂಬುದು ಅಂಗಡಿಗೆ ಬಂದವರಿಗೆ ಕಾಣುವುದಿಲ್ಲ.

ಆಗ ಪೂರ್ವ ಜರ್ಮನಿ ಎಂಬ ಬೇರೆ ದೇಶವಿತ್ತು. ಅಲ್ಲಿ ಸರಕಾರವನ್ನು ವಿರೋಧಿಸಿ ಜೈಲು ಸೇರಿದವರಿಂದಲೂ ಐಕಿಯಾಕ್ಕೆ ಹೋಗುವ ಸಾಮಾನಿನ ಭಾಗಗಳನ್ನು ಮಾಡಿಸಲಾಗಿತ್ತು. ಕಂಪನಿ 2012ರಲ್ಲಿ ತಾನೇ ತನಿಖೆ ಮಾಡಿಸಿ, ಇದು ನಿಜವೆಂದು ಒಪ್ಪಿ ವಿಷಾದ ಹೇಳಿತು. ಅಂಥ ಕೈದಿಗಳಿಗೆ ನೆರವಾಗುವ ನಿಧಿಗೆ 60 ಲಕ್ಷ ಯೂರೋ ಕೊಡುವುದಾಗಿ ಅದರ ಜರ್ಮನಿಯ ಶಾಖೆ ಹೇಳಿದ್ದು 2024ರಲ್ಲಿ.

ಇನ್ನೊಂದು ಸಂಗತಿ ಮಕ್ಕಳದು. 1990ರ ದಶಕದಲ್ಲಿ ಸ್ವೀಡನ್ನಿನ ಟಿ.ವಿ.ಯಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಪಾಕಿಸ್ತಾನದಲ್ಲಿ ಪುಟ್ಟ ಮಕ್ಕಳು ಜಮಖಾನೆಯ ಮಗ್ಗದ ಮುಂದೆ ಕೂತಿದ್ದನ್ನು ಅದು ತೋರಿಸಿತು. ಐಕಿಯಾ ತಯಾರಕರೊಂದಿಗಿನ ಕರಾರಿನಲ್ಲಿ ಬಾಲಕಾರ್ಮಿಕರು ಇರಕೂಡದೆಂದು ಬರೆಸಿತು. ಆದರೆ ಮಗುವನ್ನು ಒಂದು ಮಗ್ಗದಿಂದ ಎಬ್ಬಿಸಿದರೆ ಇನ್ನೊಂದು ಮಗ್ಗಕ್ಕೆ ಹೋಗುತ್ತದೆ. ಕಾರಣ, ಅಪ್ಪ ಅಮ್ಮನ ತಲೆಯ ಮೇಲಿನ ಸಾಲ. ಅದಕ್ಕೇ 2000ದಲ್ಲಿ ಯುನಿಸೆಫ್ ಜೊತೆ ಸೇರಿ ನಮ್ಮ ಉತ್ತರ ಪ್ರದೇಶದ ಪೂರ್ವ ಭಾಗದ ಜಮಖಾನೆ ಹಳ್ಳಿಗಳಲ್ಲಿ ಕೆಲಸ ಶುರುಮಾಡಿದರು. ಮಕ್ಕಳಿಗೆ ಕಲಿಕಾ ಕೇಂದ್ರ, ತಾಯಂದಿರಿಗೆ ಸ್ವಸಹಾಯ ಸಂಘ.

ಇದನ್ನು ಓದಿದಾಗ ನನ್ನ ಕೌಂಟರ್ ನೆನಪಾಯಿತು. ನಮ್ಮ ಶಾಖೆಯಲ್ಲೂ ಮಹಿಳಾ ಸಂಘಗಳ ಖಾತೆ ತೆರೆಯುತ್ತಿದ್ದೆ. ವಾರಕ್ಕೆ ಹತ್ತು ಹತ್ತು ರೂಪಾಯಿ ಕೂಡಿಸಿ, ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಡುತ್ತಿದ್ದರು. ಬಡ್ಡಿಯವನ ಸಾಲ ತೀರಿದ ಮೇಲೆ ಒಬ್ಬಾಕೆ, "ಸ್ವಾಮಿ, ಈ ವರ್ಷ ಮಗಳನ್ನ ಇಸ್ಕೂಲಿಗೆ ಹಾಕಿದೀನಿ" ಎಂದು ನನಗೆ ಬಾಳೆಹಣ್ಣು ಕೊಟ್ಟಿದ್ದಳು. ಹತ್ತು ರೂಪಾಯಿಯ ಬೆಲೆ ಏನೆಂದು ನನಗೆ ಗೊತ್ತಾದದ್ದು ಅಂದು.

ನಮ್ಮ ಪಾಲಿನ ಕೆಲಸ

ಕೊನೆಯ ಪುಟ ಎಲ್ಲ ಅಜ್ಜ ಅಜ್ಜಿಯರಿಗೆ. 2016ರಲ್ಲಿ ಐಕಿಯಾ ಅಮೆರಿಕದಲ್ಲಿ ಸುಮಾರು 2 ಕೋಟಿ 90 ಲಕ್ಷ ಡ್ರಾಯರ್ ಕಪಾಟುಗಳನ್ನು ಹಿಂದಕ್ಕೆ ಕರೆಯಿತು. ಅವು ಮೈಮೇಲೆ ಮಗುಚಿ ಕೆಲವು ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡಿದ್ದರು. ಮೂರು ಕುಟುಂಬಗಳಿಗೆ ಒಟ್ಟು 5 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಇಂಥ ಕಪಾಟುಗಳು ಮಗುಚದಂತಿರಬೇಕೆಂದು ಅಮೆರಿಕ 2022ರಲ್ಲಿ ಕಾನೂನನ್ನೇ ಮಾಡಿತು.

ಮಗು ಕೆಳಗಿನ ಡ್ರಾಯರ್‌ಗಳನ್ನು ಎಳೆದು, ಮೆಟ್ಟಿಲೆಂದು ಹತ್ತುತ್ತದೆ. ಭಾರವೆಲ್ಲ ಮುಂದಕ್ಕೆ ಬಂದು ಕಪಾಟು ಮಗುಚುತ್ತದೆ. ಇದು ಯಾವ ಅಂಗಡಿಯ ಕಪಾಟಿಗಾದರೂ ಆಗಬಹುದು, ಟಿ.ವಿ.ಗೂ ಆಗಬಹುದು. ಗೋಡೆಗೆ ಬಿಗಿಯಲು ಪಟ್ಟಿಯನ್ನು ಸಾಮಾನ್ಯವಾಗಿ ಪೆಟ್ಟಿಗೆಯಲ್ಲೇ ಕೊಟ್ಟಿರುತ್ತಾರೆ. "ನಾಳೆ ಹಾಕೋಣ" ಎಂದು ಬಿಟ್ಟುಬಿಡುವವರು ನಾವು. ಹಿಂದೆ ಕಪಾಟನ್ನು ಅಲ್ಲಾಡದಂತೆ ಕೂರಿಸಿ ಹೋಗುವುದು ಆಚಾರ್ರ ಕೆಲಸವಾಗಿತ್ತು. ಕೆಲಸ ನಮ್ಮ ಕೈಗೆ ಬಂದ ಮೇಲೆ ಅದನ್ನು ಪೂರ್ತಿ ಮಾಡುವ ಹೊಣೆಯೂ ನಮ್ಮದೇ.

ಕಾಂಪ್ರಾಡ್ 2018ರ ಜನವರಿಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಭಾರತದ ಮೊದಲ ಐಕಿಯಾ ಅಂಗಡಿ ತೆರೆಯಿತು. ನಾಗಸಂದ್ರದ್ದು ತೆರೆದದ್ದು 2022ರ ಜೂನ್‌ನಲ್ಲಿ. ಬೆಂಕಿಪೊಟ್ಟಣದ ಹುಡುಗನ ಅಂಗಡಿ ಇಂದು ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿದೆ.

ಇದೆಲ್ಲ ಹೇಳಿದ ಮೇಲೆ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದರೆ ಅಗ್ಗದ್ದು ಕೊಳ್ಳಲೇಬಾರದಾ ತಾತ?" ಎಂದಳು.

"ಕೊಳ್ಳೋಣ ಪುಟ್ಟಿ. ದುಬಾರಿಯದ್ದೆಲ್ಲ ಒಳ್ಳೆಯದು ಅಂತ ಏನೂ ಇಲ್ಲ. ಆದರೆ ಉಳಿದ ದುಡ್ಡು ಯಾರು ಕೊಟ್ಟರು ಅಂತ ನೀನು ಕೇಳಿದೆಯಲ್ಲ, ಅದನ್ನು ಪ್ರತಿ ಸಲ ಕೇಳು. ಎಲ್ಲರೂ ಕೇಳಿದ್ದರಿಂದಲೇ ಅವರು ಕರಾರು ಬದಲಾಯಿಸಿದ್ದು" ಎಂದೆ.

ಮಾರನೆಯ ಬೆಳಿಗ್ಗೆ ಎದುರು ಮನೆಯವರಿಂದ ಡ್ರಿಲ್ ಯಂತ್ರ ತಂದೆವು. ಅವಳು ಪೆನ್ಸಿಲಿನಲ್ಲಿ ಗುರುತು ಹಾಕಿದಳು, ಮಗ ತೂತು ಕೊರೆದ, ನಾನು ಸ್ಕ್ರೂ ಬಿಗಿದೆ. ಹೊಸ ಕಪಾಟು, ಟಿ.ವಿ. ಸ್ಟ್ಯಾಂಡು, ಹಳೆಯ ಬಟ್ಟೆ ಕಪಾಟು ಮೂರೂ ಈಗ ಗೋಡೆ ಹಿಡಿದು ನಿಂತಿವೆ. ನಿಮ್ಮ ಮನೆಯಲ್ಲೂ ಈ ಭಾನುವಾರ ಒಮ್ಮೆ ಅಲ್ಲಾಡಿಸಿ ನೋಡಿ.