ಮುರುಗಲು ಹಣ್ಣಿನ ಮಸಾಲೆ ಪಾನಕ: ಹುದುಗು ಬಾರದಂತೆ ಕಾಯ್ದಿಡುವ ಬಗೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿನಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಮುರುಗಲು ಮರ ಇಲ್ಲದ ಊರು ಅಪರೂಪ. ಘಟ್ಟದ ಕೆಳಗಿನವರು ಇದನ್ನೇ ಪುನರ್ಪುಳಿ ಎನ್ನುತ್ತಾರೆ. ಏಪ್ರಿಲ್ ತಿಂಗಳಿಂದ ಹಣ್ಣಾಗತೊಡಗಿ, ಜಡಿಮಳೆ ಹಿಡಿಯುವ ಹೊತ್ತಿಗೆ ಇನ್ನೂ ಮರದಲ್ಲಿ ಉಳಿದದ್ದು ಕೊಳೆತು ಬೀಳುತ್ತದೆ. ಕೆಲವೇ ವಾರಗಳ ಈ ಫಸಲನ್ನು ವರ್ಷವಿಡೀ ಉಳಿಯುವ ಪಾನಕದ ರಸವನ್ನಾಗಿ ಮಾಡಿಟ್ಟುಕೊಂಡರೆ ಮನೆಗೂ ಆಯಿತು, ಮಾರಲೂ ಆಯಿತು. ಆದರೆ ಅನೇಕರ ಮನೆಯಲ್ಲಿ ಈ ರಸ ಎರಡು ತಿಂಗಳಲ್ಲೇ ನೊರೆ ಬಂದು ಕೆಡುತ್ತದೆ. ಕಾರಣ ತಿಳಿದರೆ ಪರಿಹಾರ ಸುಲಭ.

ಪಾಶ್ಚಾತ್ಯ ದೇಶಗಳಲ್ಲಿ ಬೇಸಿಗೆಗೆಂದು ಶುಂಠಿ, ಮಸಾಲೆ ಹಾಕಿ ಮನೆಯಲ್ಲೇ ಬಿಯರ್ ಹುದುಗಿಸುವವರಿದ್ದಾರೆ. ನಮ್ಮಲ್ಲಿಯೂ ಬಗನಿ ಮರದ ಕಳ್ಳು ಹಳೆಯ ಮಾತೇ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಅದು ಈ ಲೇಖನದ ವಿಷಯವಲ್ಲ. ಆದರೆ ಬಿಯರ್ ಮಾಡುವವನು ಬೇಕೆಂದು ಬರಿಸುವ ಹುದುಗೇ ನಮ್ಮ ಪಾನಕಕ್ಕೆ ಶತ್ರು. ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಜೀವಿಗಳು ಸದಾ ಇರುತ್ತವೆ. ನೀರು ಮತ್ತು ಸಕ್ಕರೆ ಹದವಾಗಿ ಸಿಕ್ಕಿದರೆ ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಬಿಗಿ ಮುಚ್ಚಳದ ಶೀಶೆ ಸಿಡಿಯುವುದು ಈ ಅನಿಲದ ಒತ್ತಡದಿಂದ.

ಇದಕ್ಕೆ ಮುಖ್ಯ ಮದ್ದು ಸಕ್ಕರೆಯೇ! ರಸದಲ್ಲಿ ನೂರಕ್ಕೆ 65 ಪಾಲಿಗಿಂತ ಹೆಚ್ಚು ಸಕ್ಕರೆ ಇದ್ದರೆ ಅದು ನೀರನ್ನು ಹಿಡಿದಿಟ್ಟುಕೊಂಡು ಯೀಸ್ಟಿಗೆ ದಕ್ಕದಂತೆ ಮಾಡುತ್ತದೆ. ಒಂದು ಕಿಲೋ ಹಸಿ ಸಿಪ್ಪೆಯಲ್ಲಿ ಸುಮಾರು 800 ಗ್ರಾಂ ನೀರು ಎಂದಿಟ್ಟುಕೊಳ್ಳೋಣ. ಒಂದೇ ಕಿಲೋ ಸಕ್ಕರೆ ಹಾಕಿದರೆ ರಸದಲ್ಲಿ ಸಕ್ಕರೆ ಸುಮಾರು 55 ಪಾಲು ಮಾತ್ರ. ಇದು ಹುದುಗುವುದು ಖಂಡಿತ. ಎರಡು ಕಿಲೋ ಹಾಕಿದರೆ 70 ಪಾಲು ಮುಟ್ಟುತ್ತದೆ. ಸಕ್ಕರೆಯ ಬೆಲೆ ನೋಡಿ ಕೈ ಬಿಗಿ ಹಿಡಿದ ಮನೆಯಲ್ಲೇ ರಸ ಕೆಡುವುದು.

ತಯಾರಿಸುವ ಕ್ರಮ ಹೀಗೆ. ಚೆನ್ನಾಗಿ ಕೆಂಪೇರಿದ, ಒಡೆಯದ ಹಣ್ಣನ್ನು ತೊಳೆದು, ಬಟ್ಟೆಯಿಂದ ಒರೆಸಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಎರಡು ಹೋಳು ಮಾಡಬೇಕು. ಬೀಜವನ್ನೂ ಒಳತಿರುಳನ್ನೂ ಬೇರೆ ತೆಗೆದಿಡಿ. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ ಪದರ ಪದರವಾಗಿ ಜೋಡಿಸಿ, ಮೇಲಿನ ಪದರ ಸಕ್ಕರೆಯದೇ ಇರಲಿ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಕೂಡದು. ಈ ಹುಳಿ ಅವನ್ನು ತಿನ್ನುತ್ತದೆ. ಬಾಯಿಗೆ ತೆಳುಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಟ್ಟು, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಿ, ಸಂಜೆ ಒಳಗೆ ತೆಗೆದಿಡಬೇಕು. ತಳದಲ್ಲಿ ಸಕ್ಕರೆ ಕರಗದೆ ಕೂತಿದ್ದರೆ ಮೇಲಿನ ರಸ ತೆಳ್ಳಗೇ ಇರುತ್ತದೆ, ಹುದುಗು ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ತಿರುವುವುದನ್ನು ತಪ್ಪಿಸಬಾರದು. ಸಕ್ಕರೆ ಪೂರ್ತಿ ಕರಗಿದ ಮೇಲೆ ಶೋಧಿಸಿ.

ಮಸಾಲೆಗೆ ಜೀರಿಗೆ, ಏಲಕ್ಕಿ, ನಮ್ಮ ತೋಟದ ಕಾಳುಮೆಣಸು ಸಾಕು. ಕೆಲವರು ಪುಡಿಯನ್ನು ನೇರ ರಸಕ್ಕೆ ಸುರಿಯುತ್ತಾರೆ. ಪುಡಿಯ ಜೊತೆ ಬೂಷ್ಟಿನ ಬೀಜಾಣುಗಳೂ ಸೇರುತ್ತವೆ, ರಸವೂ ಕದಡುತ್ತದೆ. ಕುಡಿಯುವ ಹೊತ್ತಿಗೆ ಹುರಿದ ಪುಡಿ, ಚಿಟಿಕೆ ಉಪ್ಪು ಬೆರೆಸಿಕೊಳ್ಳುವುದೇ ಮೇಲು. ಒಂದು ಪಾಲು ರಸಕ್ಕೆ ಐದಾರು ಪಾಲು ನೀರು ಹಿಡಿಸುತ್ತದೆ.

ಶೀಶೆಗಳನ್ನು 20 ನಿಮಿಷ ನೀರಿನಲ್ಲಿ ಕುದಿಸಿ, ಬೋರಲು ಹಾಕಿ, ತೇವವಿಲ್ಲದಂತೆ ಒಣಗಿಸಿ ತುಂಬಬೇಕು. ಒಂದು ಹನಿ ನೀರು ಉಳಿದರೂ ಅಲ್ಲಿ ರಸ ತೆಳುವಾಗುತ್ತದೆ. ಬೆಳಕಿಗೆ ಕೆಂಪು ಬಣ್ಣ ಮಾಸುವುದರಿಂದ ಕತ್ತಲ ಜಾಗದಲ್ಲಿಡಿ. ಮಾರಾಟಕ್ಕಾದರೆ ಕಿಲೋ ರಸಕ್ಕೆ 0.6 ಗ್ರಾಂ ಸೋಡಿಯಂ ಬೆಂಜೋಯೇಟನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬೆರೆಸಬಹುದು. ಇದನ್ನು ಕಣ್ಣಂದಾಜಿನಲ್ಲಿ ಹಾಕದೆ ತೂಗಿಯೇ ಹಾಕತಕ್ಕದ್ದು. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೇಡ, ಅದು ಮುರುಗಲಿನ ಬಣ್ಣವನ್ನೇ ಬಿಳಿಚಿಸುತ್ತದೆ. ಮಾರುವವರು ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿರಬೇಕು.

ಶೀಶೆಯಲ್ಲಿ ಗುಳ್ಳೆ ಏಳುತ್ತಿದ್ದರೆ, ಕಳ್ಳಿನ ವಾಸನೆ ಬಂದರೆ ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ ಮೆಲ್ಲನೆ ಸಡಿಲಿಸಿ. ಅಂಥದ್ದನ್ನು ಮತ್ತೆ ಕುದಿಸಿ ಅಂಗಡಿಗೆ ಕೊಡಬಾರದು. ಬೂಷ್ಟು ಹಿಡಿದದ್ದನ್ನು ಚೆಲ್ಲಬೇಕು.

ತೆಗೆದಿಟ್ಟ ಬೀಜವನ್ನು ತೊಳೆದು ಒಣಗಿಸಿ, ಮಳೆಗಾಲದಲ್ಲಿ ಬಿಡುವಾದಾಗ ಕುಟ್ಟಿ ಕುದಿಸಿ ಮುರುಗಲ ತುಪ್ಪ ತೆಗೆಯಬಹುದು. ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯದನ್ನು ಅಂಗಡಿಯಲ್ಲಿ ಹುಡುಕಬೇಕಿಲ್ಲ. ಬೀಜದಿಂದ ಸಸಿ ಮಾಡಹೊರಟವರು ಮಾತ್ರ ಒಂದು ಮಾತು ನೆನಪಿಡಲಿ: ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗುತ್ತವೆ, ಅದು ಗೊತ್ತಾಗುವುದು ವರ್ಷಗಟ್ಟಲೆ ಕಾದು ಹೂ ಬಿಟ್ಟ ಮೇಲೆಯೇ. ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿ ಗಿಡ ನೆಟ್ಟು, ಪರಾಗಕ್ಕೆಂದು ನಡುವೆ ಒಂದೊಂದು ಗಂಡು ಗಿಡ ಉಳಿಸಿಕೊಳ್ಳಬೇಕು.