ಅದಿರಿನ ಉಂಡೆಗೂ ಹದ ಬೇಕು



ಹುಲಗೂರಿನ ಕಡೆಯ ನಿಮಗೆ ಇಟ್ಟಂಗಿ ಭಟ್ಟಿಯ ವಿಷಯ ನಾವು ಹೇಳಬೇಕಾಗಿಲ್ಲ. ಸರಿಯಾಗಿ ಒಣಗದ ಇಟ್ಟಂಗಿಯನ್ನು ಬೆಂಕಿಗೆ ಒಡ್ಡಿದರೆ ಒಳಗಿನ ನೀರು ಆವಿಯಾಗಿ ಅದು ಬಿರಿಯುತ್ತದೆ. ಕಬ್ಬಿಣದ ಅದಿರಿನ ಪೆಲೆಟ್ ತಯಾರಿಸುವವರಿಗೂ ಇದೇ ತಲೆನೋವು.

ನುಣ್ಣನೆಯ ಅದಿರನ್ನು ಹಾಗೆಯೇ ಊದುಕುಲುಮೆಗೆ ಸುರಿದರೆ ಬಿಸಿಗಾಳಿ ಮೇಲೇರಲು ದಾರಿ ಇರುವುದಿಲ್ಲ. ಅದಕ್ಕಾಗಿ ಪುಡಿಗೆ ನೀರು ಮತ್ತು ಸ್ವಲ್ಪ ಬೆಂಟೊನೈಟ್ ಜೇಡಿಮಣ್ಣು ಬೆರೆಸಿ, ಓರೆಯಾಗಿ ತಿರುಗುವ ದೊಡ್ಡ ತಟ್ಟೆಯಲ್ಲಿ ಉರುಳಿಸಿ, 8ರಿಂದ 16 ಮಿಲಿಮೀಟರ್ ಗಾತ್ರದ ಉಂಡೆ ಮಾಡಿ, ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಕುದುರೆಮುಖ ಕಂಪನಿಯ ಪೆಲೆಟ್ ಸ್ಥಾವರ 1987ರಲ್ಲಿ ಆರಂಭವಾಯಿತು. ವರ್ಷಕ್ಕೆ 35 ಲಕ್ಷ ಟನ್ ಅದರ ಸಾಮರ್ಥ್ಯ. ಅಂದರೆ ಗಂಟೆಗೆ ಸುಮಾರು 400 ಟನ್!

ಕಷ್ಟ ಇರುವುದು ಇಲ್ಲಿಯೇ. ಸುಟ್ಟ ಉಂಡೆಯನ್ನು ಯಂತ್ರದಲ್ಲಿ ಒತ್ತಿ, ಅದು ಎಷ್ಟು ಭಾರ ತಡೆಯುತ್ತದೆ ಎಂದು ನೋಡುತ್ತಾರೆ. ಒಳ್ಳೆಯ ಉಂಡೆ 200 ಕಿಲೋಗ್ರಾಂಗೂ ಹೆಚ್ಚು ತಡೆಯಬೇಕು. ಆದರೆ ಆ ಉತ್ತರ ಕೈಗೆ ಬರುವಷ್ಟರಲ್ಲಿ ನೂರಾರು ಟನ್ ಮಾಲು ಕುಲುಮೆ ದಾಟಿರುತ್ತದೆ. ಆದ್ದರಿಂದ ತಪ್ಪನ್ನು ಹಸಿ ಉಂಡೆಯಲ್ಲೇ ಹಿಡಿಯಬೇಕು. ನೀರು ಕಡಿಮೆಯಾದರೆ ಉಂಡೆ ಕಟ್ಟುವುದಿಲ್ಲ. ಹೆಚ್ಚಾದರೆ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಗಾಳಿಯ ದಾರಿ ಮುಚ್ಚುತ್ತದೆ. ಹಸಿ ಉಂಡೆಯನ್ನು ಸುಮಾರು ಒಂದೂವರೆ ಅಡಿ ಎತ್ತರದಿಂದ ಮತ್ತೆ ಮತ್ತೆ ಉಕ್ಕಿನ ಹಲಗೆಯ ಮೇಲೆ ಬೀಳಿಸಿ, ಎಷ್ಟನೇ ಸಲಕ್ಕೆ ಬಿರಿಯಿತು ಎಂದು ಎಣಿಸುವ ಸರಳ ಪರೀಕ್ಷೆಯೊಂದಿದೆ. ಪುಡಿಯ ತೇವ, ನುಣುಪು ಮತ್ತು ತೂಕವನ್ನು ಬಿಡದೆ ಅಳೆದು, ನೀರಿನ ಸಿಂಪರಣೆಯನ್ನು ಆಗಿಂದಾಗಲೇ ತಿದ್ದುವುದು ಅದಕ್ಕಿಂತಲೂ ಮುಂದಿನ ಹೆಜ್ಜೆ.

ಅದಿರೇ ಬದಲಾದರೆ? ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅಲ್ಲಿಯವರೆಗೆ 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನೊಡನೆ ಹರಿದು ಬರುತ್ತಿದ್ದುದು ಮ್ಯಾಗ್ನಟೈಟ್. ಇದು ಸುಡುವಾಗ ಆಮ್ಲಜನಕದೊಡನೆ ಕೂಡಿ ತಾನೇ ಶಾಖ ಬಿಡುತ್ತದೆ. ಉಂಡೆ ಒಳಗಿನಿಂದಲೂ ಬೇಯುತ್ತದೆ ಎನ್ನಿ. ಅವಸರದಿಂದ ಶಾಖ ಏರಿಸಿದರೆ ಮಾತ್ರ ಹೊರಕವಚ ಬಿಗಿದು, ನಡುವಿನ ಭಾಗ ಹಾಗೆಯೇ ಉಳಿದು, ಬಿರುಕು ಬಿಡುತ್ತದೆ. ಆಮೇಲೆ ಹೊರಗಿನಿಂದ ತರಬೇಕಾಗಿ ಬಂದ ಹೆಮಟೈಟಿಗೆ ಈ ಗುಣವಿಲ್ಲ. ಅದು ಆಗಲೇ ಆಮ್ಲಜನಕ ಹೀರಿ ಮುಗಿಸಿದ ಅದಿರು. ಅದರ ಉಂಡೆಯೊಳಗೆ ಶಾಖ ಹುಟ್ಟಬೇಕಾದರೆ ಒಂದಿಷ್ಟು ಕೋಕ್ ಪುಡಿ ಬೆರೆಸಬೇಕು. ಅದು ಕಡಿಮೆಯಾದರೆ ಉಂಡೆ ಗಟ್ಟಿಯಾಗುವುದಿಲ್ಲ, ಹೆಚ್ಚಾದರೆ ಒಳಗೆ ಕರಗಿ ಕೆಡುತ್ತದೆ. ಹಳೆಯ ಅದಿರಿಗೆ ಕಂಡುಕೊಂಡ ಶಾಖದ ಲೆಕ್ಕ ಹೊಸದಕ್ಕೆ ಹೊಂದುವುದಿಲ್ಲ. ಒಣಗಿಸುವುದು, ಸುಡುವುದು, ತಣಿಸುವುದು, ಎಲ್ಲದರ ಸಮಯವನ್ನೂ ಮತ್ತೆ ಕಂಡುಕೊಳ್ಳಬೇಕು.

ಒಂದೇ ಗಣಿಯ ಅದಿರು ಬರುತ್ತಿರುವಾಗ ಈ ಕೆಲಸ ಒಮ್ಮೆ ಮಾಡಿದರೆ ಬಹುಕಾಲ ಸಾಕು. ಹಲವು ಕಡೆಯ ಅದಿರು ಬಂದು ಬೀಳುವ ಸ್ಥಾವರದಲ್ಲಿ ರಾಶಿ ಬದಲಾದಾಗಲೆಲ್ಲ ಮಾಡಬೇಕು.